ಮರದ ಕೆಳಗಿನರ್ಧ ಮಕ್ಕಳದ್ದು

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಮರ ಎಂದರೆ ಇವತ್ತಿಗೂ ಗಾಳಿಮರದ (ಸರ್ವೆ ಮರದ) ಕೊಂಬೆಯೇ. ಮಡಚಿಡುವ ಪ್ಲಾಸ್ಟಿಕ್ ಮರ ಅಂಗಡಿಗಳಲ್ಲಿ ಬೇಕಾದಷ್ಟಿದೆ. ಆದರೆ ಸಣ್ಣ ಮಕ್ಕಳಿರುವ ಮನೆಗೆ ಗಾಳಿಮರವೇ ಸರಿ ಎಂದು ನನಗೆ ಅನಿಸುತ್ತದೆ. ಅದರ ಎಳೆಗಳು ಮೆತ್ತಗೆ, ತಂತಿಯ ಹಾಗೆ ಕೈ ಗೀರುವುದಿಲ್ಲ. ಹಸಿ ಕೊಂಬೆಯ ವಾಸನೆ ಜಗುಲಿಗೆ ಬಂತೆಂದರೆ ಮಕ್ಕಳಿಗೆ ಹಬ್ಬ ಬಂದ ಹಾಗೆ. ಬೇಲಿ ಬದಿಯ ಮರದಿಂದ ಮಾವ ಆಳೆತ್ತರದ ಕೊಂಬೆಯೊಂದನ್ನು ಕಡಿದುಕೊಡುತ್ತಾರೆ. ಕಡಲ ಬದಿಯಲ್ಲಿ ಸಾಲಾಗಿರುವ ಗಾಳಿಮರಗಳು ಗಾಳಿ ತಡೆಯಲೆಂದೇ ನೆಟ್ಟವು, ಅವಕ್ಕೆ ಕತ್ತಿ ತಾಗಿಸಬಾರದು.

ಕಡಿದ ಕೊಂಬೆ ಬೇಗ ಒಣಗುತ್ತದೆ. ಹಾಗಾಗಿ ಡಿಸೆಂಬರ್ 20ರ ಮೊದಲು ತರುವುದಿಲ್ಲ. ಅಲ್ಲಿಯವರೆಗೆ ಆಗಮನ ಕಾಲದ, ಅಂದರೆ ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ವಾರಗಳ ಭಾನುವಾರಗಳಲ್ಲಿ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳೊಂದಿಗೆ ಕೂತು ಅಲಂಕಾರದ ಸಾಮಾನು ಮಾಡುತ್ತೇನೆ. ಹಳೆಯ ಆಮಂತ್ರಣ ಪತ್ರಗಳ ದಪ್ಪ ಕಾಗದದಿಂದ ನಕ್ಷತ್ರ, ಉಲ್ಲನ್ ಉಂಡೆ, ಬಣ್ಣ ಬಳಿದ ಬೆಂಕಿಪೊಟ್ಟಣ. ಗಾಳಿಮರದ ರೆಂಬೆ ಭಾರ ತಡೆಯುವುದಿಲ್ಲ, ಗಾಜಿನ ಗೋಲ ತೂಗಿಸಿದರೆ ಜೋತುಬೀಳುತ್ತದೆ. ಮಕ್ಕಳು ಮಾಡಿದ ಹಗುರ ಸಾಮಾನೇ ಅದಕ್ಕೆ ಲಾಯಕ್ಕು.

ಮರ ನಿಲ್ಲಿಸುವುದು ದೊಡ್ಡವರ ಕೆಲಸ. ಬಕೆಟ್ಟಿಗೆ ಅರ್ಧ ಹೊಯ್ಗೆ (ಮರಳು) ಹಾಕಿ, ಕೊಂಬೆ ನೆಟ್ಟು, ಸುತ್ತ ಕಲ್ಲು ಬಿಗಿದು, ಮತ್ತೆ ಹೊಯ್ಗೆ ತುಂಬಿ ನೀರು ಹಾಕುತ್ತೇವೆ. ಹೊಯ್ಗೆ ಒದ್ದೆಯಾಗಿದ್ದರೆ ಕೊಂಬೆ ಸ್ವಲ್ಪ ದಿನ ಹೆಚ್ಚು ಹಸಿರಾಗಿರುತ್ತದೆ. ಎರಡೂವರೆ ವರ್ಷದವನು ಎಳೆಯದೆ ಬಿಡುವುದಿಲ್ಲ, ಆದ್ದರಿಂದ ಕಿಟಕಿಯ ಸರಳಿಗೆ ಒಂದು ಹಗ್ಗ ಬಿಗಿದು ಕಟ್ಟುವುದು ಕಡ್ಡಾಯ. ದೀಪದ ಸರವನ್ನು ಮೊದಲು ನೆಲದ ಮೇಲೆ ಹರಡಿ ಉರಿಸಿ ನೋಡಿ, ವೈರ್ ಎಲ್ಲಿಯೂ ಸಿಪ್ಪೆ ಸುಲಿದಿಲ್ಲವೆಂದು ಖಾತ್ರಿಯಾದ ಮೇಲೆ, ಮಕ್ಕಳು ಕೈ ಹಾಕುವ ಮೊದಲೇ ಸುತ್ತಿ ಮುಗಿಸುತ್ತೇನೆ. ಎಲ್‌ಇಡಿ ಸರವೇ ಒಳ್ಳೆಯದು, ಬಿಸಿಯಾಗುವುದು ಕಡಿಮೆ. ಗುಂಡಿಯಂಥ ಸಣ್ಣ ಸೆಲ್ ಹಾಕಿದ ಮಿನುಗುದೀಪ, ಹಾಡುವ ಆಟಿಕೆ ಯಾವುದನ್ನೂ ಮರದ ಹತ್ತಿರಕ್ಕೆ ಬಿಡುವುದಿಲ್ಲ. ಆ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಮನೆಗೆ ಬಂದವರು ಅಂಥದ್ದನ್ನು ಉಡುಗೊರೆಯಾಗಿ ತಂದರೆ ಪ್ರೀತಿಯಿಂದಲೇ ತೆಗೆದುಕೊಂಡು ಕಪಾಟಿನ ಮೇಲಿಡುತ್ತೇನೆ. ಕೊಕ್ಕೆಗಳ ಬದಲು ದಾರದ ಕುಣಿಕೆ. ಚಾಕಲೇಟು ಕಟ್ಟುವುದಿಲ್ಲ, ಬೆಳಗಾಗುವಷ್ಟರಲ್ಲಿ ಇರುವೆ ಸಾಲು ಹಿಡಿದಿರುತ್ತದೆ.

ಆಮೇಲಿನದ್ದು ಮಕ್ಕಳಿಗೆ. ನನ್ನ ಸೊಂಟದಿಂದ ಕೆಳಗೆ ಮರ ಪೂರ್ತಿ ಅವರದ್ದು, ಅಲ್ಲಿ ನಾನು ಬಾಯಿ ಹಾಕುವುದಿಲ್ಲ. ದೊಡ್ಡವಳಿಗೆ ಈಗ ಆರು ವರ್ಷ. ಅವಳು ಒಂದೊಂದು ರೆಂಬೆಯನ್ನೂ ನೋಡಿ, ದೂರ ನಿಂತು ಅಳೆದು ಕಟ್ಟುತ್ತಾಳೆ. ತಮ್ಮನಿಗೆ ಒಂದೇ ರೆಂಬೆ ಬೇಕು. ಕೆಂಪು ಉಲ್ಲನ್ ಉಂಡೆ, ಅದರ ಮೇಲೆ ನಕ್ಷತ್ರ, ಅದರ ಮೇಲೆ ಇನ್ನೊಂದು ನಕ್ಷತ್ರ. ರೆಂಬೆ ಬಾಗಿ ನೆಲ ಮುಟ್ಟುವವರೆಗೂ ಅಲ್ಲೇ. ಕುಣಿಕೆ ಸಿಕ್ಕಿಸುವಾಗ ನಾಲಗೆ ಹೊರಗಿರುತ್ತದೆ, ಉಸಿರು ಕಟ್ಟಿರುತ್ತಾನೆ. ಸಿಕ್ಕಿತೆಂದರೆ ಮನೆಯವರೆಲ್ಲ ಚಪ್ಪಾಳೆ ತಟ್ಟಬೇಕು. "ಮಮ್ಮಿ, ಇವನು ಎಲ್ಲ ಒಂದೇ ಕಡೆ ಹಾಕ್ತಾನೆ" ಎಂದು ಅಕ್ಕನ ದೂರು. "ಅದು ಅವನ ರೆಂಬೆ ಮಗಾ, ನಿನ್ನದು ಈ ಕಡೆ" ಎನ್ನುತ್ತೇನೆ.

ಮಕ್ಕಳು ಮಲಗಿದ ಮೇಲೆ ಅದನ್ನು ಬಿಚ್ಚಿ ಚೆಂದಕ್ಕೆ ಕಟ್ಟುವ ತಾಯಂದಿರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಗ್ಗೆ ಎದ್ದವರು ಮೊದಲು ಓಡುವುದು ತಮ್ಮ ಉಂಡೆ ಎಲ್ಲಿದೆಯೆಂದು ನೋಡಲಿಕ್ಕೆ. "ನಾನು ಕಟ್ಟಿದ್ದು ಸಾಲದು" ಎಂಬ ಪಾಠ ಆ ವಯಸ್ಸಿಗೆ ಯಾಕೆ? ಅಜ್ಜಿಯ ಕಾಲದ ಒಂದೆರಡು ಗಾಜಿನ ಗಂಟೆಗಳಿವೆ. ಅವನ್ನು ಮೇಲೆ, ಕಾಂಡಕ್ಕೆ ಒತ್ತಿದಂತೆ ನಾನೇ ಕಟ್ಟುತ್ತೇನೆ. ನನ್ನ ಆಸೆ ಅಷ್ಟಕ್ಕೇ ತೀರುತ್ತದೆ.

ಮರದ ಬುಡದಲ್ಲಿ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬಲ್ಲಿ ಜೀವಂತ ಎತ್ತು, ಕತ್ತೆ ನಿಲ್ಲಿಸಿ ಗೋದಲಿ ಮಾಡಿದ್ದನ್ನು ಮಾವ ಪ್ರತಿವರ್ಷ ಹೇಳುತ್ತಾರೆ. ಆ ಕತ್ತೆಗಾಗಿಯೇ ಮಕ್ಕಳು ಮತ್ತೆ ಮತ್ತೆ ಕೇಳುತ್ತಾರೆ. ಹದಿನೈದನೇ ತಾರೀಖಿನ ಹೊತ್ತಿಗೆ ನೆನೆಸಿದ ಭತ್ತವನ್ನು ಸಣ್ಣ ತಟ್ಟೆಗಳಲ್ಲಿ ಬಿತ್ತಿದರೆ, ಹಬ್ಬಕ್ಕೆ ಗೋದಲಿಯ ಸುತ್ತ ಹಸಿರು ಗದ್ದೆ ಸಿದ್ಧ. ದಿನಾ ನೀರು ಚಿಮುಕಿಸುವುದು ಸಣ್ಣವನ ಜವಾಬ್ದಾರಿ. ಹಿಮವೆಂದು ಹತ್ತಿ ಹರಡುವ ಪದ್ಧತಿಯನ್ನು ನಾವು ಬಿಟ್ಟಿದ್ದೇವೆ. ಮೇಣದಬತ್ತಿ ಹಚ್ಚುವ ಮನೆಯಲ್ಲಿ ಅದು ಅಪಾಯ. ಗೋದಲಿಯಲ್ಲಿ ಬಾಲಯೇಸುವಿನ ಜಾಗ ಖಾಲಿ ಇರುತ್ತದೆ. 24ರ ರಾತ್ರಿ ಪೂಜೆಯಿಂದ ಬಂದ ಮೇಲೆ, ಎಚ್ಚರವಿದ್ದ ಮಗು ಇಡುವುದು. ಇಬ್ಬರೂ ಎಚ್ಚರವಿದ್ದರೆ ಇಬ್ಬರ ಕೈಯೂ ಸೇರಬೇಕು.

ಜನವರಿ 6ರ ಮೂರು ರಾಯರ (ಬಾಲಯೇಸುವನ್ನು ನೋಡಲು ಬಂದವರ) ಹಬ್ಬದವರೆಗೆ ಮರ ಇರುತ್ತದೆ, ಅಷ್ಟರಲ್ಲಿ ಅರ್ಧ ಕಂದಾಗಿರುತ್ತದೆ. ಬಿಚ್ಚುವುದಕ್ಕೂ ಮಕ್ಕಳು ಬೇಕು. ಪ್ರತಿ ನಕ್ಷತ್ರದ ಹಿಂದೆ ಹೆಸರು, ಇಸವಿ ಪೆನ್ಸಿಲಿನಲ್ಲಿ ಬರೆದು ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ಖಾಲಿ ಡಬ್ಬಿಗೆ ತುಂಬುತ್ತೇವೆ. ಜರಿಯ ಚೂರು ಒಂದೂ ಉಳಿಯದಂತೆ ಆರಿಸಬೇಕು. ಯಾಕೆಂದರೆ ಕೊಂಬೆ ಹೋಗುವುದು ಬಚ್ಚಲ ಒಲೆಗೆ, ಗಾಳಿಮರ ಚೆನ್ನಾಗಿ ಉರಿಯುತ್ತದೆ.