ಪಾಚಿ ಮೇಯುವ ಮೀನುಗಳ ಲೆಕ್ಕ: ಗ್ರಾಂಡೆ ದ್ವೀಪದಲ್ಲಿ ನನ್ನ ಅನುಭವ

ಗೋವಾದಲ್ಲೂ ಹವಳ ಇದೆ. ವಾಸ್ಕೋ ಕಡೆಯಿಂದ ದೋಣಿಯಲ್ಲಿ ಗ್ರಾಂಡೆ ದ್ವೀಪಕ್ಕೆ ಹೋದರೆ, ನೀರಿನೊಳಗಿನ ಬಂಡೆಗಳ ಮೇಲೆ ಅಲ್ಲಲ್ಲಿ ಕಾಣುತ್ತದೆ. ಲಕ್ಷದ್ವೀಪದ ತಿಳಿನೀರು ಇಲ್ಲಿಲ್ಲ. ಮಾಂಡೋವಿ, ಜುವಾರಿ ಎರಡೂ ಹತ್ತಿರದಲ್ಲೇ ಸಮುದ್ರ ಸೇರುತ್ತವೆ. ಮಳೆಗಾಲ ಮುಗಿದ ಮೇಲೂ ನೀರಿನಲ್ಲಿ ಮಣ್ಣು ಇದ್ದೇ ಇರುತ್ತದೆ. ನಾನು ಇಲ್ಲಿ ಡೈವಿಂಗ್ ಕಲಿಸುತ್ತೇನೆ. ಬಿಡುವಿದ್ದಾಗ ಪಾಚಿ ತಿನ್ನುವ ಮೀನುಗಳ ಲೆಕ್ಕ ಬರೆದಿಡುತ್ತೇನೆ.

ಈ ಮೀನುಗಳೇ ಯಾಕೆ ಅಂದರೆ, ಹವಳಕ್ಕೂ ಪಾಚಿಗೂ ಯಾವತ್ತೂ ಜಾಗದ ಜಗಳ. ಹವಳ ನಿಧಾನವಾಗಿ ಬೆಳೆಯುತ್ತದೆ. ಗುಂಡು ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಪಾಚಿಗೆ ಕೆಲವೇ ವಾರ ಸಾಕು. ಪಾಚಿ ಮುಚ್ಚಿದ ಬಂಡೆಯಲ್ಲಿ ಹವಳದ ಮರಿಗಳು ಕೂರಲು ಜಾಗ ಸಿಗುವುದಿಲ್ಲ. ಜಮೈಕಾದಲ್ಲಿ ಆಗಿದ್ದೇ ಇದು. ಅಲ್ಲಿ ಪಾಚಿ ತಿನ್ನುವ ಮೀನುಗಳನ್ನು ವರ್ಷಗಟ್ಟಲೆ ಹಿಡಿದು ಖಾಲಿ ಮಾಡಿದ್ದರು. ಮೇಯುವ ಕೆಲಸವೆಲ್ಲ ಉದ್ದ ಮುಳ್ಳಿನ ಸಮುದ್ರ ಜೀವಿಗಳಾದ ಸೀ ಅರ್ಚಿನ್‌ಗಳ ಮೇಲೆ ಬಿದ್ದಿತ್ತು. 1980ರಲ್ಲಿ ಚಂಡಮಾರುತ ಬಂದು ಹವಳ ಮುರಿಯಿತು. 1983ರಲ್ಲಿ ರೋಗ ಬಂದು ಅರ್ಚಿನ್‌ಗಳೂ ಸತ್ತವು. 1977ರಲ್ಲಿ ತಳದ ಶೇಕಡಾ 52ರಷ್ಟನ್ನು ಮುಚ್ಚಿದ್ದ ಹವಳ 1993ರ ಹೊತ್ತಿಗೆ 3ಕ್ಕೆ ಇಳಿಯಿತು. ಪಾಚಿ 4ರಿಂದ 92ಕ್ಕೆ ಏರಿತು. ಈ ಅಂಕಿ ಓದಿದಾಗಿನಿಂದ ನನಗೆ ಬಂಡೆ ಮೇಲಿನ ಪಾಚಿಯನ್ನು ಸುಮ್ನೆ ನೋಡಿ ಮುಂದೆ ಹೋಗಲು ಆಗಿಲ್ಲ.

ನನ್ನ ಕೆಲಸ ಹೀಗೆ. ಬಂಡೆಯ ಉದ್ದಕ್ಕೆ 30 ಮೀಟರ್ ಟೇಪ್ ಬಿಚ್ಚುತ್ತೇನೆ. ಬಿಚ್ಚುವಾಗ ಮೀನುಗಳು ಬೆದರಿ ಓಡುತ್ತವೆ, ಹಾಗಾಗಿ ಸ್ವಲ್ಪ ಹೊತ್ತು ದೂರ ಹೋಗಿ ಕಾಯುತ್ತೇನೆ. ಆಮೇಲೆ ಟೇಪಿನ ಎರಡೂ ಪಕ್ಕ ಕಂಡ ಮೀನುಗಳನ್ನು ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ನೀರು ಕಲಕಿದ ದಿನ ಪಕ್ಕಕ್ಕೆ ಒಂದೊಂದು ಮೀಟರ್ ಅಷ್ಟೇ. ಅದಕ್ಕಿಂತ ದೂರದ್ದು ಊಹೆಯಾಗುತ್ತದೆ, ಲೆಕ್ಕ ಅಲ್ಲ.

ಮುಖ್ಯ ಭಾಗ ಇದಾದ ಮೇಲೆ. ಒಂದು ಮೀನನ್ನು ಆರಿಸಿ ಮೂರು ನಿಮಿಷ ಹಿಂಬಾಲಿಸುತ್ತೇನೆ. ಎಷ್ಟು ಸಲ ಬಾಯಿ ಹಾಕಿತು, ಯಾವುದಕ್ಕೆ ಹಾಕಿತು ಅಂತ ಗೀಟು ಎಳೆಯುತ್ತೇನೆ. ನನ್ನನ್ನು ನೋಡಿ ದಾರಿ ಬದಲಿಸಿದರೆ ಆ ದಾಖಲೆ ಬಿಟ್ಟುಬಿಡುತ್ತೇನೆ. ಬೆಳಗ್ಗೆ ಬೇಗ ಇಳಿದರೆ ಇವು ಅಷ್ಟಾಗಿ ಮೇಯುವುದಿಲ್ಲ. ಬಿಸಿಲೇರಿದ ಮೇಲೆ ಹೋಗಬೇಕು.

ಬರೀ ತಲೆ ಎಣಿಸದೆ ಹೀಗೆ ಹಿಂಬಾಲಿಸುವುದು ಯಾಕಂದರೆ, ಎಲ್ಲ ಸಸ್ಯಾಹಾರಿ ಮೀನುಗಳ ಕೆಲಸ ಒಂದೇ ಅಲ್ಲ. ಗಿಳಿಮೀನಿನ ಹಲ್ಲುಗಳು ಕೂಡಿ ಕೊಕ್ಕಿನಂತಾಗಿವೆ. ಅದು ಪಾಚಿಯ ಜೊತೆ ಬಂಡೆಯನ್ನೂ ಕೆರೆಯುತ್ತದೆ, ಗಂಟಲಿನ ಹಲ್ಲಿನಲ್ಲಿ ಅರೆದು ಮರಳಾಗಿ ಹೊರಹಾಕುತ್ತದೆ. ಅದು ಕೆರೆದ ಬರಿ ಬಂಡೆಯ ಮೇಲೇ ಹೊಸ ಹವಳ ಕೂರಬಲ್ಲದು. ಬಾಲದ ಬುಡದಲ್ಲಿ ಚೂಪಾದ ಮುಳ್ಳಿರುವ ಸರ್ಜನ್ ಮೀನುಗಳಲ್ಲಿ ಹಲವು ಪಾಚಿಯ ತುದಿ ಮಾತ್ರ ಕತ್ತರಿಸುತ್ತವೆ. ರ‍್ಯಾಬಿಟ್ ಮೀನು ಬಂಡೆಯ ಸಂದಿಗೂ ಬಾಯಿ ಹಾಕುತ್ತದೆ. ಕೆಲವು ಜಾತಿಗಳು ಜೋಡಿಯಾಗಿ ಓಡಾಡುತ್ತವೆ; ಒಂದು ತಲೆ ತಗ್ಗಿಸಿ ಮೇಯುವಾಗ ಇನ್ನೊಂದು ತಲೆ ಎತ್ತಿ ಕಾವಲು ನಿಲ್ಲುತ್ತದೆ. ಇದನ್ನು ನೋಡುವುದೇ ಒಂದು ಸಂತೋಷ. ಡ್ಯಾಮ್ಸೆಲ್ ಮೀನುಗಳಲ್ಲಿ ಕೆಲವು ಇದಕ್ಕೆ ತದ್ವಿರುದ್ಧ. ತಮ್ಮ ಪಾಚಿ ತೋಟವನ್ನು ತಾವೇ ಕಾಯುತ್ತವೆ, ಹತ್ತಿರ ಬಂದ ದೊಡ್ಡ ಮೀನನ್ನೂ ಅಟ್ಟುತ್ತವೆ. ತಲೆ ಎಣಿಸುವಾಗ ಇವೆಲ್ಲ ಒಂದೇ ಖಾತೆಗೆ ಬಿದ್ದರೆ ಆ ಲೆಕ್ಕಕ್ಕೆ ಅರ್ಥ ಇದೆಯಾ?

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಂದು ಪ್ರಯೋಗ ನಡೆದಿತ್ತು. ಹವಳದ ಜಾಗಕ್ಕೆ ಪಂಜರ ಹಾಕಿ ಮೀನು ಬಾರದಂತೆ ತಡೆದರು. ಒಳಗೆ ಸರ್ಗಾಸಮ್ ಎಂಬ ದೊಡ್ಡ ಪಾಚಿ ಕಾಡಿನಂತೆ ಬೆಳೆಯಿತು. ಪಂಜರ ತೆಗೆದಾಗ ಅದನ್ನು ತಿಂದು ಮುಗಿಸಿದ್ದು ಗಿಳಿಮೀನಲ್ಲ, ಸರ್ಜನ್ ಮೀನೂ ಅಲ್ಲ. ಯಾರೂ ಸಸ್ಯಾಹಾರಿ ಅಂದುಕೊಳ್ಳದ ಒಂದು ಬ್ಯಾಟ್‌ಫಿಶ್. 2006ರಲ್ಲಿ ಇದು ಪ್ರಕಟವಾಯಿತು. ಅದಕ್ಕೇ ಪಟ್ಟಿಯಲ್ಲಿಲ್ಲದ ಮೀನು ಪಾಚಿಗೆ ಬಾಯಿ ಹಾಕಿದರೂ ನಾನು ಬರೆದುಕೊಳ್ಳುತ್ತೇನೆ.

ಗ್ರಾಂಡೆಯಲ್ಲಿ ನನಗೆ ಮತ್ತೆ ಮತ್ತೆ ಕಂಡಿದ್ದು ಹೂಳಿನ ಕೆಲಸ. ಬಂಡೆಯ ಮಟ್ಟಸ ನೆತ್ತಿಯಲ್ಲಿ ಗಿಡ್ಡ ಪಾಚಿ ಇರುತ್ತದೆ, ಅದರೊಳಗೆ ಹೂಳು ಸಿಕ್ಕಿಕೊಂಡಿರುತ್ತದೆ. ಮೀನು ಮೇಲೆಯೇ ಓಡಾಡಿದರೂ ಅಲ್ಲಿ ಬಾಯಿ ಹಾಕುವುದು ಕಡಿಮೆ. ಕಡಿದಾದ ಬದಿಯಲ್ಲಿ ಹೂಳು ನಿಲ್ಲುವುದಿಲ್ಲ, ಗೀಟುಗಳೆಲ್ಲ ಅಲ್ಲೇ. ಹವಳ ಇಲ್ಲದ ಬರಿ ಬಂಡೆಯಲ್ಲಿ ಒಂದಿಷ್ಟು ಜಾಗವನ್ನು ಕೈಯಲ್ಲಿ ಬೀಸಿ ಹೂಳು ಹಾರಿಸಿ ನೋಡಿದ್ದೇನೆ. ತುಸು ಹೊತ್ತಿಗೇ ಮೀನು ಬಂದು ಮೇಯತೊಡಗಿದವು. ಆಸ್ಟ್ರೇಲಿಯಾದಲ್ಲೂ ಹೂಳು ತೆಗೆದಾಗ ಹೀಗೇ ಮೇಯುವುದು ಹೆಚ್ಚಿತ್ತು. ಅಂದರೆ ಮೀನು ಹಿಡಿಯುವುದನ್ನು ನಿಲ್ಲಿಸಿದರಷ್ಟೇ ಸಾಲದು. ನದಿಗಳು ತರುವ ಮಣ್ಣಿನ ಬಗ್ಗೆಯೂ ಮಾತಾಡಬೇಕು.

ನಮ್ಮ ದೋಣಿಯ ಹುಡುಗ ಗದಗ ಕಡೆಯವನು. ನಾನು ಮೇಲೆ ಬಂದ ಕೂಡಲೇ, "ಎಷ್ಟ್ ಕಂಡ್ವ್ರಿ ಅಣ್ಣಾರ?" ಅಂತ ಕೇಳುತ್ತಿದ್ದ. ಈಗ "ಮೇಯಾಕತ್ತಿದ್ವೇನ್ರಿ?" ಅನ್ನುತ್ತಾನೆ. ಪ್ರವಾಸಿಗರು ಬ್ರೆಡ್ ಎಸೆಯಲು ಹೋದರೆ ತಡೆಯುವವನೂ ಅವನೇ. ಬ್ರೆಡ್ಡಿಗೆ ಮುತ್ತುವ ಮೀನು ಬಂಡೆ ಮೇಯಲು ಬರುವುದಿಲ್ಲ ಅಂತ ಅವನಿಗೆ ಗೊತ್ತು.

ನೀವು ಮುರುಡೇಶ್ವರದಿಂದ ನೇತ್ರಾಣಿಗೆ ಡೈವ್ ಮಾಡಲು ಹೋಗುವವರಾದರೆ, ಒಂದು ಸ್ಲೇಟ್ ಒಯ್ಯಿರಿ. ಮೀನು ಯಾವ ಬಗೆಯದು, ಎಷ್ಟು ಸಲ ಬಾಯಿ ಹಾಕಿತು, ಅಲ್ಲಿ ಹೂಳಿತ್ತಾ ಇಲ್ಲವಾ, ಈ ಮೂರನ್ನು ಬರೆಯಿರಿ. ತಾರೀಖು, ಆಳ, ಹೊತ್ತು ಸೇರಿಸಿ. ಮುಂದಿನ ವರ್ಷ ಅದೇ ಬಂಡೆಗೆ ಹೋಗಿ ಮತ್ತೆ ಬರೆಯಿರಿ.