ಎಮರ್ಜೆನ್ಸಿಗೋ, ಅರ್ಜೆಂಟ್ ಕೇರ್‌ಗೋ? ಹೊರಡುವ ಮುಂಚೆ ಹೀಗೆ ನಿರ್ಧರಿಸಿ

ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಕೇಳುವುದು ‘ನೋವು ಎಷ್ಟಿದೆ?’ ಅಂತ. ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೋ, ಜೀವಕ್ಕೆ ಅಪಾಯವಿಲ್ಲದಿದ್ದರೂ ಬೇಗ ನೋಡಬೇಕಾದ ತೊಂದರೆಗಳಿಗಿರುವ ಅರ್ಜೆಂಟ್ ಕೇರ್ ಕ್ಲಿನಿಕ್‌ಗೋ ಎಂದು ತೀರ್ಮಾನಿಸಲು ನೋವೊಂದನ್ನೇ ನಂಬಬೇಡಿ. ಕಿವಿನೋವು ರಾತ್ರಿಯಿಡೀ ಅಳಿಸಿದರೂ ಸಾಮಾನ್ಯವಾಗಿ ಬೆಳಗಿನವರೆಗೆ ಕಾಯಬಹುದು. ಪಾರ್ಶ್ವವಾಯು ಹೊಡೆದಾಗ ಎಷ್ಟೋ ಸಲ ನೋವೇ ಇರುವುದಿಲ್ಲ. ತಡವಾದರೆ ಜೀವಕ್ಕೋ ಅಂಗಕ್ಕೋ ಅಪಾಯವಿದೆಯಾ? ಮೊದಲು ಇದನ್ನು ಕೇಳಿಕೊಳ್ಳಿ.

ಮೊದಲ ಹೆಜ್ಜೆ, ಅಪಾಯದ ಗುರುತು ನೋಡುವುದು. ಎದೆಯಲ್ಲಿ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಮಾತಾಡಲಾಗದಷ್ಟು ಉಬ್ಬಸ, ಪ್ರಜ್ಞೆ ತಪ್ಪುವುದು, ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿಹಿಡಿದರೂ ನಿಲ್ಲದ ರಕ್ತ, ಅಲರ್ಜಿಯಾಗಿ ನಾಲಿಗೆ ಗಂಟಲು ಊದುವುದು. ಇವಕ್ಕೆಲ್ಲ ಎಮರ್ಜೆನ್ಸಿಯೇ. ಹೃದಯಾಘಾತ ಹೀಗೆಯೇ ಬರುತ್ತದೆ ಎಂದೂ ಹೇಳಲಾಗದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ವಾಕರಿಕೆ, ಏದುಸಿರು ಇಷ್ಟೇ ಕಾಣಿಸಬಹುದು. ‘ಗ್ಯಾಸ್ ಇರಬೇಕು’ ಅಂತ ಸುಮ್ನೆ ಮಲಗಿಸಬೇಡಿ.

ಪಾರ್ಶ್ವವಾಯುವಿನ ಅನುಮಾನ ಬಂದರೆ ನಗಲು ಹೇಳಿ, ಎರಡೂ ಕೈ ಎತ್ತಲು ಹೇಳಿ, ಒಂದು ವಾಕ್ಯ ಮಾತಾಡಿಸಿ. ಬಾಯಿ ಸೊಟ್ಟಗಾದರೆ, ಒಂದು ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ ಆಂಬುಲೆನ್ಸ್ ಕರೆಯಿರಿ. ಕೊನೆಯದಾಗಿ ಅವರು ಯಾವಾಗ ಸರಿಯಾಗಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಡಾಕ್ಟರು ಮೊದಲು ಕೇಳುವುದರಲ್ಲಿ ಈ ಸಮಯವೂ ಒಂದು.

ಎರಡನೆಯದು, ಕಾಯಿಲೆ ಯಾರಿಗೆ ಬಂದಿದೆ ಎಂದು ನೋಡುವುದು. ದೊಡ್ಡವರಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಸಾಮಾನ್ಯವಾಗಿ ಗಾಬರಿ ಬೇಡ. ಮೂರು ತಿಂಗಳೂ ತುಂಬದ ಕೂಸಿಗೆ ಅಷ್ಟೇ ಜ್ವರ ಬಂದರೂ ಎಮರ್ಜೆನ್ಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ತಲೆಗೆ ಪೆಟ್ಟು ಬಿದ್ದರೂ ಹಾಗೆಯೇ, ಹೊರಗೆ ಗಾಯ ಕಾಣದಿದ್ದರೂ. ಮಗು ಬಟನ್ ಬ್ಯಾಟರಿ ನುಂಗಿದ್ದರೆ ನಗುತ್ತಾ ಆಡುತ್ತಿದ್ದರೂ ಕಾಯಬೇಡಿ. ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಇವು ಯಾವುವೂ ಇಲ್ಲವಾ? ಹಾಗಾದರೆ ಸಾಮಾನ್ಯವಾಗಿ ಅರ್ಜೆಂಟ್ ಕೇರ್ ಸಾಕು. ಕಾಲು ಉಳುಕು, ಹೊಲಿಗೆ ಬೇಕಾಗುವ ಸಣ್ಣ ಗಾಯ, ಗಂಟಲು ನೋವು, ಉರಿಮೂತ್ರ, ಚರ್ಮದ ದದ್ದು ಇದಕ್ಕೆಲ್ಲ ಅದೇ ಸರಿ. ಎಮರ್ಜೆನ್ಸಿಯಲ್ಲಿ ಮೊದಲು ಬಂದವರನ್ನು ಮೊದಲು ನೋಡುವ ಪದ್ಧತಿ ಇಲ್ಲ, ಜಾಸ್ತಿ ಅಪಾಯದಲ್ಲಿರುವವರಿಗೆ ಮೊದಲ ಸರದಿ. ಉಳುಕಿದ ಕಾಲು ಹಿಡಿದು ಹೋದರೆ ಗಂಟೆಗಟ್ಟಲೆ ಕೂರಬೇಕಾದೀತು, ಅಲ್ವಾ?

ಅರ್ಜೆಂಟ್ ಕೇರ್‌ಗೆ ಹೊರಡುವ ಮುಂಚೆ ಅಲ್ಲಿಗೆ ಫೋನ್ ಮಾಡಿ. ಎಕ್ಸ್-ರೇ ಇದೆಯಾ, ಹೊಲಿಗೆ ಹಾಕುತ್ತಾರಾ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಎಂದು ಕೇಳಿ. ಎಲ್ಲಾ ಕಡೆ ಎಲ್ಲವೂ ಇರುವುದಿಲ್ಲ. ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.

ನಿಮಗೇ ಎದೆನೋವು ಬಂದಿದ್ದರೆ ಗಾಡಿ ಓಡಿಸಿಕೊಂಡು ಹೋಗಬೇಡಿ. ಹತ್ತಿರದಲ್ಲಿದೆ ಅಂತ ಅರ್ಜೆಂಟ್ ಕೇರ್‌ಗೂ ಹೋಗಬೇಡಿ. ಅಲ್ಲಿ ಹೆಚ್ಚೆಂದರೆ ಇಸಿಜಿ ತೆಗೆದು, ಆಮೇಲೆ ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೇ ಕಳಿಸುತ್ತಾರೆ. ಎರಡರಲ್ಲಿ ಯಾವುದೆಂದು ತಿಳಿಯದೆ ಒದ್ದಾಡುವಂತಾದರೆ ಎಮರ್ಜೆನ್ಸಿಗೇ ಹೋಗಿ.