ಅಕ್ಕಿಯಲ್ಲಿ ಬೆಳೆಯುವ ಕೆಂಪು: ಮೊನಾಸ್ಕಸ್ ಬಣ್ಣ ತೆಗೆದು ಉಣ್ಣೆ ನೂಲಿಗೆ ಹಾಕುವ ಬಗೆ

ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಗೆ ಇಳಿಯುತ್ತದೆ, ನೀರಿಗೆ ಇಳಿಯುವುದಿಲ್ಲ. ಹಾಗಾಗಿ ನೂಲಿಗೆ ಅದು ಉಪಯೋಗವಿಲ್ಲ. ಸೂಕ್ಷ್ಮಜೀವಿಗಳಲ್ಲಿ ಹುಡುಕಿದರೆ ಸೆರಾಷಿಯಾ ಬ್ಯಾಕ್ಟೀರಿಯಾ ಒಳ್ಳೆಯ ಕೆಂಪು ಕೊಡುತ್ತದೆ, ಆದರೆ ಅದು ಸೋಂಕು ತರಬಲ್ಲದು. ಸ್ಪಿರುಲಿನಾ ಎಂಬ ಪಾಚಿಯ ನೀಲಿಯು ಬಣ್ಣ ಹಾಕುವ ಹಂಡೆಯ ಬಿಸಿಯನ್ನು ತಡೆಯುವುದಿಲ್ಲ. ಸಣ್ಣ ಪ್ರಯೋಗಾಲಯಕ್ಕೆ ಹೊಂದುವುದು ಮೊನಾಸ್ಕಸ್ ಪರ್ಪ್ಯೂರಿಯಸ್ ಎಂಬ ಬೂಷ್ಟು. ಚೀನಾದಲ್ಲಿ ಶತಮಾನಗಳಿಂದ ಇದನ್ನು ಅಕ್ಕಿಯ ಮೇಲೆ ಬೆಳೆಸುತ್ತಾರೆ.

ಶುದ್ಧ ತಳಿಯನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದಲೇ ತರಿಸಿ. ಹಳಸಿದ ಅನ್ನದ ಮೇಲೆ ಕಂಡ ಯಾವುದೋ ಕೆಂಪನ್ನು ಎತ್ತಿ ಬೆಳೆಸುವ ಸಾಹಸ ಬೇಡ. ಆಲೂಗಡ್ಡೆ ಅಗಾರ್ (ಬೂಷ್ಟು ಬೆಳೆಸಲು ಗಟ್ಟಿ ಮಾಡಿದ ಆಹಾರ) ತಟ್ಟೆಯಲ್ಲಿ 30 ಡಿಗ್ರಿಗೆ ಏಳು ದಿನ ಬೆಳೆಸಿದರೆ ಮೊದಲು ಬಿಳಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು ಬರುತ್ತದೆ. 10 ಮಿ.ಲೀ. ಜೀವಾಣುರಹಿತ ನೀರು ಹಾಕಿ ಮೆಲ್ಲಗೆ ಕೆರೆದರೆ ಬೀಜದ್ರವ ಸಿದ್ಧ.

ಇನ್ನು ಅಕ್ಕಿ. ಅರ್ಧ ಕೆಲಸ ಕೆಡುವುದು ಇಲ್ಲಿಯೇ. ಅಂಟುವ ಅಕ್ಕಿ ಬೇಡ, ಬೆಂದರೆ ಉದುರುದುರಾಗುವ ಹಳೆಯ ಅಕ್ಕಿ ಬೇಕು. ಎಂಟು ತಾಸು ನೆನೆಸಿ, ಬಸಿದು, ಬಟ್ಟೆಯ ಮೇಲೆ ಹರವಿ. ಕೈಯಲ್ಲಿ ಹಿಡಿದು ಬಿಟ್ಟರೆ ಕಾಳು ಬಿಡಿಬಿಡಿಯಾಗಿ ಉದುರಬೇಕು, ಅಂಗೈಗೆ ನೀರು ಹತ್ತಬಾರದು. ತಕ್ಕಡಿಯಿದ್ದರೆ ಇನ್ನೂ ಖಚಿತ: 50 ಗ್ರಾಂ ಒಣ ಅಕ್ಕಿ ಈ ಹಂತದಲ್ಲಿ ಸುಮಾರು 65 ಗ್ರಾಂ ತೂಗುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಕುದಿಸುವಾಗ ಮುದ್ದೆಯಾಗುತ್ತದೆ. ಮುದ್ದೆಯೊಳಗೆ ಗಾಳಿ ಹೋಗುವುದಿಲ್ಲ, ಗಾಳಿ ಇಲ್ಲದ ಕಡೆ ಬಣ್ಣವೂ ಇಲ್ಲ. ಹೊರಗೆ ಕೆಂಪು, ಒಡೆದರೆ ಒಳಗೆ ಬರೀ ಬಿಳಿ ಅನ್ನ!

500 ಮಿ.ಲೀ. ಶಂಕು ಫ್ಲಾಸ್ಕಿಗೆ ಈ 65 ಗ್ರಾಂ ಹಾಕಿ, ಬಾಯಿಗೆ ಅರಳೆ ಬಿರಡೆ ಕೊಟ್ಟು, ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ) 121 ಡಿಗ್ರಿಗೆ 20 ನಿಮಿಷ ಇಡಿ. ದೊಡ್ಡ ಕುಕ್ಕರೇ ಗತಿಯಾದರೆ ಪೂರ್ತಿ ಒತ್ತಡ ಬಂದ ಮೇಲೆ 30 ನಿಮಿಷ. ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಆರಿದ ಮೇಲೆ ಗಂಟು ಒಡೆಯುವಂತೆ ಕುಲುಕಿ, ಉರಿಯ ಪಕ್ಕದಲ್ಲೇ ಬಿರಡೆ ತೆಗೆದು 5 ಮಿ.ಲೀ. ಬೀಜದ್ರವ ಹಾಕಿ. 30 ಡಿಗ್ರಿಯಲ್ಲಿಡಿ, ಮೂರನೇ ದಿನದಿಂದ ದಿನಕ್ಕೊಮ್ಮೆ ಕುಲುಕಿ. ಧಾರವಾಡದ ಮಳೆಗಾಲದ ತಂಪಿಗೆ ಬೆಳವಣಿಗೆ ನಿಧಾನವಾಗುತ್ತದೆ, ಗದಗಿನ ಏಪ್ರಿಲ್ ಬಿಸಿಲಿನ ಕೋಣೆ ಅತಿಯಾಗುತ್ತದೆ. ಇನ್‌ಕ್ಯುಬೇಟರ್ (ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಪೆಟ್ಟಿಗೆ) ಇಲ್ಲದವರು ಫೆಬ್ರುವರಿ ಅಥವಾ ಅಕ್ಟೋಬರಿನಲ್ಲಿ ಶುರು ಮಾಡುವುದು ಮೇಲು.

10–14 ದಿನಕ್ಕೆ ಕಾಳು ಒಳಗಿನವರೆಗೂ ಕಡುಗೆಂಪಾಗಬೇಕು. ಒಂದನ್ನು ಉಗುರಲ್ಲಿ ಮುರಿದು ನೋಡಿ. ಕಿತ್ತಳೆಯಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಹುಳಿ ಹೆಚ್ಚಾಗಿದೆ ಎಂದರ್ಥ: ಕಿತ್ತಳೆ ಬಣ್ಣ ಸಾರಜನಕವಿರುವ ಅಮೈನು ಎಂಬ ಸಂಯುಕ್ತಗಳೊಡನೆ ಕೂಡಿದಾಗಲೇ ಕೆಂಪಾಗುವುದು, ಹುಳಿ ಏರಿದರೆ ಆ ಕೂಡಿಕೆ ಹಿಂದೆ ಬೀಳುತ್ತದೆ. ಹಸಿರು ಇಲ್ಲವೇ ಕಪ್ಪು ಪುಡಿ ಕಂಡರೆ ಬೇರೆ ಬೂಷ್ಟು ಹೊಕ್ಕಿದೆ. ಲೋಳೆ ಮತ್ತು ಕೆಟ್ಟ ವಾಸನೆ ಬಂದರೆ ಬ್ಯಾಕ್ಟೀರಿಯಾ. ಎರಡಕ್ಕೂ ಮದ್ದಿಲ್ಲ. ಬಿರಡೆ ತೆಗೆಯದೆ ಹಾಗೆಯೇ ಮತ್ತೊಮ್ಮೆ ಆಟೋಕ್ಲೇವ್ ಮಾಡಿ ಚೆಲ್ಲಿ.

ಚೆನ್ನಾಗಿ ಬಂದ ಅಕ್ಕಿಯನ್ನು 50 ಡಿಗ್ರಿಯಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಪುಡಿ ಮಾಡಿ. ಮಿಕ್ಸರ್ ಅಡುಗೆಮನೆಯದಾಗಿರಬಾರದು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಹಾಗಾದರೆ ಈ ನೈಸರ್ಗಿಕ ಕೆಂಪು ಹಾಕಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಬೇಡವೇ ಬೇಡ. ಇದೇ ಬೂಷ್ಟು ಸಿಟ್ರಿನಿನ್ ಎಂಬ ಮೂತ್ರಪಿಂಡಕ್ಕೆ ಹಾನಿಕರ ವಿಷವನ್ನೂ ಮಾಡಬಲ್ಲದು. ಈ ಬೂಷ್ಟು ಬೆಳೆಸಿದ ಕೆಂಪು ಅಕ್ಕಿಯ ಪೂರಕ ಆಹಾರಗಳಲ್ಲಿ ಐರೋಪ್ಯ ಒಕ್ಕೂಟ ಅದಕ್ಕಿಟ್ಟ ಮಿತಿ ಕಿಲೋಗೆ 100 ಮೈಕ್ರೋಗ್ರಾಂ ಮಾತ್ರ. ಕಣ್ಣಿಗೆ, ಮೂಗಿಗೆ ಅದು ತಿಳಿಯುವುದಿಲ್ಲ.

100 ಗ್ರಾಂ ಉಣ್ಣೆ ಲಡಿಗೆ 50 ಗ್ರಾಂ ಪುಡಿ ಸಾಕು. 70 ಶೇಕಡಾ ಎಥನಾಲ್ 500 ಮಿ.ಲೀ.ನಲ್ಲಿ ಪುಡಿಯನ್ನು ಕಲಸಿ, ಮುಚ್ಚಳ ಹಾಕಿ, 60 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಇಟ್ಟು ಸೋಸಿ. ಎಥನಾಲ್ ಬೇಗ ಹತ್ತಿಕೊಳ್ಳುತ್ತದೆ, ಗ್ಯಾಸ್ ಒಲೆ ಹತ್ತಿರ ತರಬೇಡಿ. ವಿದ್ಯುತ್ ಹಾಟ್‌ಪ್ಲೇಟ್ ಬಳಸಿ, ಕಿಟಕಿ ತೆರೆದಿರಲಿ.

ಅತ್ತ ಲಡಿಯನ್ನು 12 ಗ್ರಾಂ ತುರಟಿ, ಅಂದರೆ ಪಟಿಕ, ಕರಗಿಸಿದ ನೀರಿನಲ್ಲಿ 80 ಡಿಗ್ರಿಗೆ ಮುಕ್ಕಾಲು ತಾಸು ಇಡಿ. ಗದಗ ಕಡೆಯ ಬೋರ್‌ವೆಲ್ಲಿನ ಗಡಸು ನೀರು ಬಣ್ಣವನ್ನು ಮಂಕು ಮಾಡುತ್ತದೆ, ಮಳೆನೀರು ಅಥವಾ ಆರ್‌ಒ ನೀರು ತಗೊಳ್ಳಿ. ಸೋಸಿದ ಬಣ್ಣವನ್ನು ಮೂರೂವರೆ ಲೀಟರ್ ಬೆಚ್ಚಗಿನ ನೀರಿಗೆ ತಿರುವುತ್ತಾ ಸಣ್ಣ ಧಾರೆಯಾಗಿ ಸುರಿಯಿರಿ. ಒಮ್ಮೆಲೇ ಸುರಿದರೆ ಬಣ್ಣ ಕಣಕಣವಾಗಿ ಒಡೆದು ಉಣ್ಣೆಗೆ ಚುಕ್ಕಿ ಬೀಳುತ್ತದೆ. ವಿನೆಗರ್ ಬೆರೆಸಿ ಪಿಎಚ್ (ಹುಳಿಯ ಅಳತೆ) 5ಕ್ಕೆ ತಂದು, ಒದ್ದೆ ಲಡಿ ಇಳಿಬಿಟ್ಟು, ಅರ್ಧ ತಾಸಿನಲ್ಲಿ ನಿಧಾನವಾಗಿ 80 ಡಿಗ್ರಿಗೆ ಏರಿಸಿ, ಅಲ್ಲೇ ಒಂದು ತಾಸು ಬಿಡಿ. ಹಂಡೆಯಲ್ಲೇ ಆರಲಿ. ಬಿಸಿಯಾಗಿದ್ದಾಗಲೇ ತಣ್ಣೀರಿಗೆ ಹಾಕಿದರೆ ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ.

ರೇಷ್ಮೆಗೂ ಇದೇ ಕ್ರಮ, ಬಿಸಿ ಮಾತ್ರ ಇನ್ನೂ ಕಡಿಮೆ. ಹತ್ತಿಗೆ ಈ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಮೊದಲು ಅಳಲೆಕಾಯಿ ಕಷಾಯದಲ್ಲಿ ಅದ್ದಿ, ಆಮೇಲೆ ತುರಟಿ ಕೊಟ್ಟರೂ ತಿಳಿ ಛಾಯೆಯಷ್ಟೇ.

ಇದರ ದೊಡ್ಡ ದೌರ್ಬಲ್ಯ ಬೆಳಕು. ಪೂರ್ತಿ ಲಡಿ ನೇಯಲು ಕೊಡುವ ಮೊದಲು ಒಂದೆಳೆಯನ್ನು ರಟ್ಟಿಗೆ ಸುತ್ತಿ, ಅರ್ಧ ಭಾಗ ಕಪ್ಪು ಕಾಗದದಿಂದ ಮುಚ್ಚಿ, ಒಂದು ವಾರ ಬಿಸಿಲಿಗಿಡಿ. ಕಾಗದ ತೆಗೆದಾಗ ನಡುವೆ ಗೆರೆ ಎದ್ದು ಕಂಡರೆ ಆ ನೂಲು ಕಿಟಕಿಯ ಪರದೆಗೆ, ಅಂಗಳದಲ್ಲಿ ಹಾಸುವುದಕ್ಕೆ ಬೇಡ, ಪೆಟ್ಟಿಗೆಯಲ್ಲಿಟ್ಟು ಅಪರೂಪಕ್ಕೆ ಹೊದೆಯುವ ಶಾಲಿನ ಅಂಚಿಗೆ ಇರಲಿ.